ಉಪ್ಪಿನ ಅಗರ್

ಲ್ಯಾಬಿನ ಇನ್‌ಕ್ಯುಬೇಟರಿನ ಹಿಡಿಗೆ ಕೈಯಿಟ್ಟ ರಂಜನಿ ಬಾಗಿಲು ಎಳೆಯಲಾರದೆ ನಿಂತಳು. ಒಳಗಿನ ತಟ್ಟೆ ಹಳದಿಯಾಗಿದ್ದರೆ ಲೋಲಾಕ್ಷಿಯ ರಕ್ತದಲ್ಲಿ ಹೃದಯಕ್ಕೇ ಹೋಗಿ ಕೂರುವ ರೋಗಾಣು ಇದೆಯೆಂದು ಅರ್ಥ. ಇವತ್ತೇ ಮಂಗಳೂರಿಗೆ ಸಾಗಿಸಬೇಕು, ಆಮೇಲಿನದ್ದು ದೇವರಿಗೇ ಗೊತ್ತು. ಹಳದಿಯಾಗದಿದ್ದರೆ ತಪ್ಪು ರಂಜನಿಯದು. ತಪ್ಪು ತನ್ನದೇ ಆಗಲಪ್ಪಾ ಎಂದು ಎರಡು ದಿನದಿಂದ ಬೇಡಿಕೊಳ್ಳುತ್ತಿದ್ದಳು.

ತಪ್ಪಾದದ್ದು ಸೋಮವಾರ. ಉಪ್ಪಳದ ಈ ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದವಳು ಮಾಡುವಂಥ ತಪ್ಪೇ ಅದು? ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದ ಲೋಲಾಕ್ಷಿಯ ತೋಳನ್ನು ಸ್ಪಿರಿಟಿನಲ್ಲಿ ಒರೆಸಿ, ಸೂಜಿ ಎತ್ತಿಕೊಂಡು ತಿರುಗುವಷ್ಟರಲ್ಲಿ ಅವಳ ಗಂಡ ಚನಿಯ, ದೈವದ ಗಂಧಪ್ರಸಾದವನ್ನು ಸರಿಯಾಗಿ ಅದೇ ಜಾಗಕ್ಕೆ ಹಚ್ಚಿಬಿಟ್ಟಿದ್ದ.

"ಇನ್ನು ಚುಚ್ಚಿ ಅಕ್ಕ, ಹೆದರಿಕೆ ಇಲ್ಲ."

ಪ್ರಸಾದವನ್ನು ಒರೆಸಿ ಕಸದ ಡಬ್ಬಕ್ಕೆ ಹಾಕುವುದು ಹೇಗೆ? ಕೈ ಬರಲಿಲ್ಲ. ಗಂಧದ ಪಕ್ಕದಲ್ಲೇ ಚುಚ್ಚಿ ರಕ್ತವನ್ನು ಬಾಟಲಿಗೆ ತುಂಬಿದಳು.

ಬುಧವಾರ ಬಾಟಲಿಯ ರಕ್ತದಲ್ಲಿ ರೋಗಾಣು ಬೆಳೆದಿತ್ತು. ಸೂಕ್ಷ್ಮದರ್ಶಕದಲ್ಲಿ ನೇರಳೆ ಗೊಂಚಲುಗಳು. ಹೃದಯಕ್ಕೆ ಹೋಗುವ ಜಾತಿಯೂ ಇರಬಹುದು, ಬರೀ ಚರ್ಮದ ಮೇಲಿನದ್ದೂ ಇರಬಹುದು. ಆಸ್ಪತ್ರೆಯ ಡಾಕ್ಟರ್ ಹರಿನಾರಾಯಣರಿಗೆ ಫೋನ್ ಮಾಡಿ, ಗಂಧದ ಸಂಗತಿಯನ್ನೂ ಹೇಳಿದಳು.

"ನಿಮಗೆ ಎಂತ ಆಗಿದೆ ಮಾರಾಯ್ತಿ! ಒರೆಸ್ಲಿಕ್ಕೆ ಆಗ್ಲಿಲ್ವಾ?"

ಬೈಸಿಕೊಂಡು ಹೋಗಿ ಎರಡೂ ತೋಳಿನಿಂದ ಹೊಸ ರಕ್ತ ತೆಗೆದಳು. ಹಳೆಯ ಬಾಟಲಿಯ ಹನಿಯನ್ನು ತಟ್ಟೆಯಲ್ಲಿ ಉಪ್ಪು ಸುರಿದು ಹೆಪ್ಪುಗಟ್ಟಿಸಿದ ಕೆಂಪು ಅಗರಿನ ಮೇಲೆ ಗೀರಿ, ಬೆಳೆಯಲೆಂದು ಇನ್‌ಕ್ಯುಬೇಟರಿನಲ್ಲಿಟ್ಟಳು. ಅಷ್ಟು ಉಪ್ಪಿನಲ್ಲಿ ಬೇರೆ ರೋಗಾಣುಗಳ ಆಟ ನಡೆಯುವುದಿಲ್ಲ, ಈ ಗೊಂಚಲಿನ ಜಾತಿ ಬೆಳೆಯುತ್ತದೆ. ಅದರಲ್ಲಿ ಕೆಟ್ಟದ್ದು ಅಗರನ್ನು ಹಳದಿ ಮಾಡುತ್ತದೆ. ಎಲ್ಲರ ಚರ್ಮದ ಮೇಲೂ ಇರುವ ಬಡಪಾಯಿ ಮಾಡುವುದಿಲ್ಲ.

ಈಗ ಬಾಗಿಲು ಎಳೆದಳು. ತಟ್ಟೆಯ ತುಂಬ ಸಣ್ಣ ಸಣ್ಣ ಚುಕ್ಕೆಗಳು. ಕಿಟಕಿಯ ಬೆಳಕಿಗೆ ಹಿಡಿದಳು, ಮಗುಚಿ ಹಿಡಿದಳು. ಕೆಂಪು ಕೆಂಪಾಗಿಯೇ ಇತ್ತು. ಹೊಸ ಬಾಟಲಿಗಳೆರಡರಲ್ಲೂ ಏನೂ ಬೆಳೆದಿರಲಿಲ್ಲ. ಅಬ್ಬ! ರಂಜನಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಫೋನ್ ಎತ್ತಿಕೊಂಡಳು. ತನ್ನ ತಪ್ಪಿಗೆ ಹೀಗೆ ಹಿಗ್ಗಿದ್ದು ಅವಳ ಜೀವಮಾನದಲ್ಲಿ ಇದೇ ಮೊದಲು.

ಫೋನಿನಲ್ಲಿ ಡಾಕ್ಟರರೂ ಮೆತ್ತಗಾಗಿದ್ದರು. "ಜ್ವರವೂ ಇಳಿದಿದೆ. ನಾಳೆ ಮನೆಗೆ ಕಳಿಸುವ."

ಹೊರಗೆ ಬೆಂಚಿನಲ್ಲಿದ್ದ ಚನಿಯ ಅವಳನ್ನು ಕಂಡು ಎದ್ದ. "ಎಂತ ಉಂಟು ಅಕ್ಕ?"

"ರಕ್ತದಲ್ಲಿ ಎಂತದೂ ಇಲ್ಲ ಚನಿಯಣ್ಣ. ಅದು ಚರ್ಮದ ಮೇಲಿಂದ ಬಂದದ್ದು. ಆ ಗಂಧ ನಾನು ಒರೆಸ್ಬೇಕಿತ್ತು. ತಪ್ಪು ನಂದೇ."

"ತಪ್ಪಿನ ಮಾತು ಬಿಡಿ ಅಕ್ಕ. ಇನ್ನೊಮ್ಮೆ ಹೇಳಿ, ಎಂತದೂ ಇಲ್ಲ ಅಲ್ವಾ?"

"ಇಲ್ಲ ಮಾರಾಯ್ರೆ, ಇಲ್ಲ!"

ಅವನು ಅಲ್ಲೇ ನಿಂತು ಆಸ್ಪತ್ರೆಯಲ್ಲಿದ್ದ ಹೆಂಡತಿಗೆ ಫೋನ್ ಮಾಡಿದ. "ಏ, ಎಂತದೂ ಇಲ್ಲವಂತೆ!" ಎಂದ. ಆ ಕಡೆ ಮೂಗು ಸೀಟಿದ ಸದ್ದು ರಂಜನಿಗೂ ಕೇಳಿಸಿತು. ಆಸ್ಪತ್ರೆ ಸೇರಿದ ಮೇಲೆ ಒಮ್ಮೆಯೂ ಮನೆಯ ಸುದ್ದಿ ಎತ್ತದಿದ್ದ ಲೋಲಾಕ್ಷಿ ಕೇಳಿದಳು:

"ಕೋಳಿಗೂಡಿನ ಬಾಗಿಲು ತೆಗೆದು ಬಂದಿದ್ದೀರಾ?"

ಚನಿಯ ತೆಗೆದಿರಲಿಲ್ಲ. ಅವಳು ಆ ಕಡೆಯಿಂದ ಬೈಯಲು ಶುರುಮಾಡಿದಳು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಒಂದು ಮಾತೂ ಬಿಡದೆ ಕೇಳಿಸಿಕೊಂಡ.