ಮೊಸರು ಹಾಕಿದ ಚಾಕಲೇಟು ಕೇಕು

ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಮಾತು ಇಷ್ಟೇ. ಮುಚ್ಚಿಟ್ಟುಕೊಂಡು ಸುಮ್ಮನಿರಬಹುದಿತ್ತು, ಆದರೆ ವರ್ಷವಿಡೀ ನನ್ನನ್ನು ಮಂಗ ಮಾಡಿದವರು ಯಾರ್ಯಾರು ಎಂದು ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ಕಳಸದಲ್ಲಿ ದೇವಸ್ಥಾನದ ಕೆಳಗಿನ ಬೀದಿಯಲ್ಲಿ ನಮ್ಮ ಮನೆ. ಮಾವಯ್ಯ ಕೃಷ್ಣಯ್ಯನವರು ಪೌರೋಹಿತ್ಯದಲ್ಲಿ ಆಯುಷ್ಯ ಸವೆಸಿದವರು. ಸುತ್ತಿನ ಎಸ್ಟೇಟುಗಳ ಬಂಗಲೆಗೆ ಗಣಹೋಮ ಮಾಡಿಸಲು ಹೋದರೂ ಅಲ್ಲಿ ಒಂದು ಲೋಟ ಕಾಫಿ ಕುಡಿದವರಲ್ಲ. ನನ್ನ ಗಂಡ ಓಂಕಾರಮೂರ್ತಿ ಕೊಟ್ಟಿಗೆಹಾರದ ಕಡೆಯ ಹೈಸ್ಕೂಲಿನಲ್ಲಿ ಮೇಷ್ಟರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಇದೆಲ್ಲ ನಡೆದ ಎರಡು ಸಾವಿರದ ಮೂರನೇ ಇಸವಿಯಲ್ಲಿ ಮಗಳು ಪಂಚಮಿ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು. ಇನ್ನು ನಾನು, ತ್ರಿಪುರಸುಂದರಿ. ಅಷ್ಟುದ್ದದ ಹೆಸರನ್ನು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಸುಂದರಿ.

ನನಗೊಬ್ಬ ಅಣ್ಣ ಇದ್ದಾನೆ, ಅಭಿರಾಮ. ಘಾಟಿ ಇಳಿಯುವ ಬಸ್ಸುಗಳೆಲ್ಲ ಕೊಟ್ಟಿಗೆಹಾರದಲ್ಲಿ ನಿಲ್ಲುತ್ತವೆ ಎಂದು ಅಲ್ಲೊಂದು ಬೇಕರಿ ಹಾಕಿದ. ಮೊದಲು ಮೊಟ್ಟೆಯಿಲ್ಲದೆ ನಡೆಸಿ ನೋಡಿದ. ಬರೀ ಬ್ರೆಡ್ಡು, ಬಿಸ್ಕತ್ತು, ಖಾರಾ ಬನ್ನಿನಲ್ಲಿ ಸಂಸಾರ ಸಾಗಲಿಲ್ಲ. ಕೊನೆಗೆ ಮೊಟ್ಟೆ ತರಿಸಿದ. ಅಂಗಡಿಯದ್ದು ಅಂಗಡಿಗೆ, ಮನೆಯದ್ದು ಮನೆಗೆ ಎಂದು ಅವನೂ ಅತ್ತಿಗೆಯೂ ಕಟ್ಟುನಿಟ್ಟಾಗಿಯೇ ಇದ್ದರು. ಆದರೂ ನಾನು ಅಲ್ಲಿ ಉಂಡು ಬಂದ ದಿನ ಮಾವಯ್ಯ ಎಲೆಯ ಮುಂದೆ ಕೂತವರು, ನಾನು ಅನ್ನದ ಪಾತ್ರೆ ಹಿಡಿದು ಬಂದದ್ದೇ ತಡ, ಎದ್ದು ಹೋದರು. ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ನಮ್ಮ ಮನೆಯಲ್ಲಿ ಅವರು ಬಾಯಿಬಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅವತ್ತಿನಿಂದ ಅಣ್ಣನ ಮನೆಯಲ್ಲಿ ನಾನು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅವನ ಮಗನ ಉಪನಯನದ ದಿನವೂ ಎಲೆ ಹಾಕುವ ಮೊದಲೇ ಬಸ್ಸು ಹತ್ತಿದೆ. "ನಮ್ಮನೆ ಅನ್ನ ಅಷ್ಟು ಮೈಲಿಗೆಯಾ ಸುಂದರಿ?" ಎಂದು ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ಕರೆಯುವುದನ್ನೇ ಬಿಟ್ಟರು. ಗೌರಿ ಹಬ್ಬಕ್ಕೆ ತವರಿನಿಂದ ಬರುತ್ತಿದ್ದ ಬಾಗಿನವೂ ನಿಂತಿತು. ಹಬ್ಬದ ದಿನ ಬೀದಿಯ ಹೆಂಗಸರು ತಮ್ಮ ತಮ್ಮ ಅಣ್ಣತಮ್ಮಂದಿರ ಸುದ್ದಿ ಹೇಳುವಾಗ ನಾನು ಒಲೆಯ ಮೇಲೆ ಏನೋ ಇಟ್ಟ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಮಾವಯ್ಯನಿಗೆ ಒಂದು ಜ್ವರ ಬಂದು ಹೋದ ಮೇಲೆ ಬಾಯಿರುಚಿ ಪೂರ್ತಿ ಕೆಟ್ಟಿತು. ಹಲ್ಲು ಮೊದಲೇ ಇರಲಿಲ್ಲ. ಮೆತ್ತಗೆ ಕಲಸಿದ ಮೊಸರನ್ನವನ್ನೂ ತುಟಿಯಿಂದ ಹೊರಕ್ಕೆ ತಳ್ಳುತ್ತಿದ್ದರು. ಕಡಲೆಬೇಳೆ, ಬೆಲ್ಲ ಹಾಕಿ ಮಾಡುವ ನನ್ನ ಹಯಗ್ರೀವಕ್ಕೆ ಬೀದಿಯಲ್ಲೇ ಹೆಸರಿತ್ತು, ಅದನ್ನೂ ಬೇಡವೆಂದರು. ನಾನು ಕಂಗಾಲಾಗಿದ್ದೆ. ಆಗ ರಜೆಗೆ ಬಂದ ಪಂಚಮಿ, "ಅಮ್ಮ, ಅಜ್ಜಂಗೆ ಒಂದು ಚಾಕಲೇಟು ಕೇಕು ಮಾಡ್ತೀನಿ. ಸುಲಭ. ಒಳಗೆ ಪಾಯಸದ ಹಾಗೆ ಮೆತ್ತಗಿರತ್ತೆ" ಎಂದಳು.

"ಅದಕ್ಕೆ ಮೊಟ್ಟೆ ಬೇಡ್ವಾ?" ಎಂದು ಮೊದಲು ಕೇಳಿದವಳು ನಾನೇ.

"ಮೊಸರು ಹಾಕಿದ್ರಾಯ್ತು" ಎಂದಳು.

ಮಾಡುವುದು ಸುಲಭವೇ. ಬೆಣ್ಣೆ ಕರಗಿಸಿ ಅದಕ್ಕೆ ಚಾಕಲೇಟಿನ ಗಟ್ಟಿ ಮುರಿದು ಹಾಕುವುದು, ಸಕ್ಕರೆ, ಒಂದಿಷ್ಟೇ ಮೈದಾ, ಮೊಸರು ಹಾಕಿ ಚೆನ್ನಾಗಿ ಕದಡಿ ಸ್ಟೀಲಿನ ಸಣ್ಣ ಬಟ್ಟಲುಗಳಿಗೆ ಸುರಿಯುವುದು. ಕುಕ್ಕರಿನ ತಳಕ್ಕೆ ಹೊಳೆಯ ಮರಳು ಹರಡಿ ಮೇಲೊಂದು ತಟ್ಟೆ ಕವುಚಿ ಅದರ ಮೇಲೆ ಬಟ್ಟಲುಗಳನ್ನಿಡಬೇಕು. ಮುಚ್ಚಳಕ್ಕೆ ರಬ್ಬರೂ ಬೇಡ, ಸೀಟಿಯೂ ಬೇಡ. ಪೂರ್ತಿ ಬೇಯಲು ಬಿಡಬಾರದು, ಅಂಚು ಕಟ್ಟಿ ನಡುವೆ ಇನ್ನೂ ನಡುಗುತ್ತಿರುವಾಗಲೇ ತೆಗೆಯಬೇಕು. ಚಮಚ ಊರಿದರೆ ಒಳಗಿನಿಂದ ಬಿಸಿಬಿಸಿ ಚಾಕಲೇಟು ಹರಿಯುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಮಾಡುವುದನ್ನು ನೋಡಲು ಮಾತ್ರ ಅವಳು ಬಿಡುತ್ತಿರಲಿಲ್ಲ. "ನೀನು ನಿಂತ್ರೆ ನಂಗೆ ಕೈ ಓಡಲ್ಲ, ಹೋಗಮ್ಮ" ಎಂದು ಹೊರಗೆ ಕಳಿಸುತ್ತಿದ್ದಳು.

ಮೊದಲ ಚಮಚವನ್ನು ನಾನೇ ಮಾವಯ್ಯನ ಬಾಯಿಗಿಟ್ಟೆ. ಅವರು ಕಣ್ಣುಮುಚ್ಚಿ ನಿಧಾನಕ್ಕೆ ಚಪ್ಪರಿಸಿದರು. ಮತ್ತೆ ಬಾಯಿ ತೆರೆದರು. ಬಟ್ಟಲು ಖಾಲಿಯಾದಾಗ ನನಗೆ ಕಣ್ಣೀರೇ ಬಂತು. ಅಲ್ಲಿಂದ ಮುಂದೆ ಪಂಚಮಿ ಊರಿಗೆ ಬಂದ ಭಾನುವಾರವೆಲ್ಲ ಅದೇ. ನನ್ನ ಪಾಲಿನ ಬಟ್ಟಲನ್ನು ನಾನೂ ಬೆರಳಿನಿಂದ ಬಳಿದು ಬಳಿದು ತಿಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅದರ ಜೊತೆಗೇ ಮನೆಯಲ್ಲಿ ಇನ್ನೊಂದು ಬದಲಾವಣೆಯಾಯಿತು. ಕೇಕು ಮಾಡಿದ ಪಾತ್ರೆಗಳನ್ನು ಪಂಚಮಿ ತಾನೇ ತೊಳೆದಿಡುತ್ತಿದ್ದಳು. ಇವರು ಶನಿವಾರ ಶಾಲೆಯಿಂದ ತಂದ ಊಟದ ಡಬ್ಬಿಯನ್ನು ಭಾನುವಾರ ತಾವೇ ಬಚ್ಚಲಿಗೆ ಒಯ್ದು ಉಜ್ಜುತ್ತಿದ್ದರು. ಇಷ್ಟು ವರ್ಷಕ್ಕೆ ಇವರಿಬ್ಬರಿಗೂ ಬುದ್ಧಿ ಬಂತಲ್ಲ ಎಂದು ನಾನು ಬೀದಿಯ ತುಂಬ ಹೇಳಿಕೊಂಡು ತಿರುಗಿದೆ. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಪುಣ್ಯವಂತೆ ಎಂದರು.

ಪರೀಕ್ಷೆಯೆಂದು ಪಂಚಮಿ ಬಾರದೆ ಹೋದಾಗ ಮಾವಯ್ಯ ಊಟ ಬಿಟ್ಟರು. "ಆ ಕಪ್ಪು ಪಾಯಸ ಇಲ್ವಾ?" ಎಂದು ಕೇಳುತ್ತಲೇ ಇದ್ದರು. ನಾನೇ ಮಾಡಲು ಕೂತೆ. ಕಡೆದು ತೆಗೆದ ಹೊಸ ಬೆಣ್ಣೆ, ಕೆನೆಮೊಸರು, ಎಲ್ಲ ಒಂದು ಕೈ ಹೆಚ್ಚೇ ಹಾಕಿದೆ. ಕುಕ್ಕರು ತೆರೆದರೆ ಬಟ್ಟಲಿನಲ್ಲಿ ಸಗಣಿ ಬೆರಣಿಯಂಥದ್ದು ಕೂತಿತ್ತು. ಮಾವಯ್ಯ ಒಂದು ಚಮಚ ಬಾಯಿಗಿಟ್ಟುಕೊಂಡು, "ಇದು ಅದಲ್ಲಮ್ಮ" ಎಂದರು. ಮತ್ತೊಮ್ಮೆ ಮಾಡಿದೆ. ಬೇಗ ತೆಗೆದು ನೋಡಿದೆ, ಹಸಿ ಹಿಟ್ಟು. ತಡವಾಗಿ ತೆಗೆದೆ, ಇಟ್ಟಿಗೆ. ಇಪ್ಪತ್ತೆರಡು ವರ್ಷ ಈ ಮನೆಯ ಒಲೆಯ ಮುಂದೆ ನಿಂತವಳ ಕೈಗುಣವೇ ಹೋಯಿತಲ್ಲ ಎಂದು ಒಬ್ಬಳೇ ಕೂತು ಕೊರಗಿದೆ. ಇವರ ಹತ್ತಿರ ಹೇಳಿಕೊಂಡೆ ಕೂಡ. "ಒಂದೊಂದು ಕೈಗೆ ಒಂದೊಂದು ಒಲಿಯತ್ತೆ ಮಾರಾಯ್ತಿ, ಬಿಡು" ಎಂದರು. ಹಾಗೆ ಹೇಳುವಾಗ ಮುಖ ಪೇಪರಿನೊಳಗೆ ಇತ್ತು.

ದಸರಾ ರಜೆಗೆ ಪಂಚಮಿ ಬಂದಳು. ಭಾನುವಾರ ಬೆಳಿಗ್ಗೆ ಎಂದಿನಂತೆ ನನ್ನನ್ನು ಅಡಿಗೆಮನೆಯಿಂದ ಓಡಿಸಿದಳು. ನಾನು ಪೂಜೆಗೆ ಹೂವು ಕೊಯ್ಯಲು ಹಿತ್ತಿಲಿಗೆ ಹೋದೆ. ಅಡಿಗೆಮನೆಯ ಕಿಟಕಿಯ ಹೊರಗೆ ದಾಸವಾಳದ ಗಿಡ ಇದೆ. ಕೊಂಬೆ ಬಗ್ಗಿಸುವಾಗ ಕಣ್ಣು ಒಳಗೆ ಬಿತ್ತು. ನನ್ನ ಗಂಡ ನಡುಮನೆಯ ಬಾಗಿಲಿಗೆ ಅಡ್ಡಲಾಗಿ, ನಾನು ಬಂದೇನೆಂದು ಹೊರಬಾಗಿಲ ಕಡೆ ಮುಖ ಮಾಡಿ ಕಾವಲು ನಿಂತಿದ್ದರು. ಅವರ ಊಟದ ಡಬ್ಬಿ ಕಟ್ಟೆಯ ಮೇಲೆ ತೆರೆದಿತ್ತು, ಅದರೊಳಗೆ ಪೇಪರು ಸುತ್ತಿದ ಮೊಟ್ಟೆಗಳಿದ್ದವು. ಪಂಚಮಿ ಒಂದನ್ನು ತೆಗೆದು ಬಟ್ಟಲಿನ ಅಂಚಿಗೆ ತಟ್ಟಿ, ಒಂದೇ ಕೈಯಲ್ಲಿ ಬಿಡಿಸಿ ಸುರಿದಳು. ಚಿಪ್ಪಿನ ಒಂದು ಚೂರೂ ಬೀಳಲಿಲ್ಲ. ಮೊದಲ ಸಲ ಒಡೆಯುವವಳ ಕೈಯಲ್ಲ ಅದು. ಪಕ್ಕದಲ್ಲಿ ನಾನು ಎತ್ತಿಟ್ಟಿದ್ದ ಮೊಸರಿನ ಲೋಟವನ್ನು ಇವರು ತಿರುಗಿ ತೆಗೆದುಕೊಂಡು ಗಟಗಟ ಕುಡಿದರು.

ನಾನು ಹೂವಿನ ಬುಟ್ಟಿ ಹಿಡಿದುಕೊಂಡೇ ಒಳಗೆ ಹೋದೆ. ಇವರ ಮೀಸೆಯ ಮೇಲೆ ಮೊಸರು ಇತ್ತು.

"ಎಲ್ಲಿಂದ ತಂದ್ರಿ?" ಎಂದೆ.

"ನಿನ್ನ ಅಣ್ಣನ ಅಂಗಡಿಯಿಂದ. ಕಳಸದಲ್ಲಿ ತಗೊಂಡ್ರೆ ಊರಿಗೆಲ್ಲ ಗೊತ್ತಾಗತ್ತಲ್ಲ" ಎಂದರು.

"ಮಾಡೋದು ಹೇಳಿಕೊಟ್ಟಿದ್ದೂ ಅಭಿ ಮಾವನೇ" ಎಂದಳು ಪಂಚಮಿ, ತಲೆ ಎತ್ತದೆ. "ಹಾಸ್ಟೆಲಿನಲ್ಲಿ ಮಾಡಕ್ಕೆ ಅಂತ ಹೇಳಿದ್ದೆ, ಮೊಟ್ಟೆನೂ ಅದಕ್ಕೇ ಅಂತ. ನಮ್ಮನೇಲಿ ಮಾಡ್ತೀವಿ ಅಂತ ಅವ್ರಿಗೆ ಗೊತ್ತಿಲ್ಲ."

"ನೀವು ಅಲ್ಲಿಗೆ ಹೋಗ್ತೀರಾ?" ಎಂದು ಇವರನ್ನು ಕೇಳಿದೆ.

"ಸಂಜೆ ಬಸ್ಸು ಬರೋ ತನಕ ಅಲ್ಲೇ ಕೂರ್ತೀನಿ. ಮಳೆ ಇದ್ರೆ ಮನೆಗೆ ಕರೀತಾನೆ. ನಿನ್ನ ಅತ್ತಿಗೆ ಏನಾದ್ರೂ ತಿನ್ನಕ್ಕೆ ಕೊಡ್ತಾರೆ."

ಅಂದರೆ ನನ್ನ ತವರಿನ ತಿಂಡಿಯನ್ನು ನನ್ನ ಗಂಡ ತಿನ್ನುತ್ತಿದ್ದ, ನನ್ನ ಮಗಳು ಅಲ್ಲಿ ಹೋಗಿ ಕೇಕು ಕಲಿತು ಬರುತ್ತಿದ್ದಳು. ಆ ಮನೆಯಲ್ಲಿ ಕೂತು ಉಣ್ಣಬೇಕಾದವಳು ನಾನು ಇಲ್ಲಿ ಕೂತು ಮಡಿಬಟ್ಟೆ ಹರವುತ್ತಿದ್ದೆ. ಆದರೆ ಆ ಗಳಿಗೆಯಲ್ಲಿ ಅದಕ್ಕಿಂತ ದೊಡ್ಡ ಭಯ ಹಿಡಿಯಿತು. ಮಾವಯ್ಯ! ಜನ್ಮದಲ್ಲಿ ಹೊರಗೆ ಕಾಫಿ ಕುಡಿಯದವರಿಗೆ ನಾನು ನನ್ನ ಕೈಯಾರೆ ವರ್ಷವಿಡೀ ಮೊಟ್ಟೆ ತಿನ್ನಿಸಿದ್ದೆ.

ತಲೆಗೆ ನೀರು ಹಾಕಿಕೊಂಡು ಬಂದು ಅವರ ಮಂಚದ ಬಳಿ ಕಾಲಿಗೆ ಬಿದ್ದೆ. "ಮಾವಯ್ಯ, ಅಪಚಾರ ಆಗಿದೆ. ನಂಗೆ ಗೊತ್ತಿರ್ಲಿಲ್ಲ. ಆ ಕೇಕಿಗೆ ಇವ್ರು..." ಎಂದೆ.

"ಗೊತ್ತಿದೆ, ಏಳಮ್ಮ" ಎಂದರು.

ನಾನು ತಲೆ ಎತ್ತಿ ನೋಡಿದೆ. ಅವರ ಮುಖದಲ್ಲಿ ಗಾಬರಿಯಿರಲಿಲ್ಲ. ಸ್ವಲ್ಪ ಮುಜುಗರ ಇತ್ತು, ಅಷ್ಟೇ.

"ಮೊದಲನೇ ಸಲವೇ ಪುಟ್ಟಿಯನ್ನ ಕೇಳಿದ್ದೆ. ನನ್ನ ಹತ್ರ ಅವಳು ಸುಳ್ಳು ಹೇಳಲ್ಲ. ಅಮ್ಮಂಗೆ ಹೇಳ್ಬೇಡ ಅಂದವನು ನಾನೇ. ನೀನು ಎಲ್ಲ ಮನಸ್ಸಿಗೆ ಹಚ್ಕೊಳ್ತೀಯಲ್ಲ, ಅದಕ್ಕೆ. ಈ ವಯಸ್ಸಿಗೆ ಅದು ಔಷಧಿ ಇದ್ದ ಹಾಗೆ ಬಿಡು."

"ನಾನು ಅಣ್ಣನ ಮನೆ ಅನ್ನ ಬಿಟ್ಟೆ ಮಾವಯ್ಯ" ಎಂದೆ. "ನಿಮಗೋಸ್ಕರ ಬಿಟ್ಟೆ."

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನನಗೋಸ್ಕರವಾ? ನಾನು ಯಾವತ್ತಾದ್ರೂ ಬಿಡು ಅಂತ ಹೇಳಿದ್ನಾ? ನೀನೇ ಬಿಟ್ಟಿದ್ದು. ನನ್ನ ಸೊಸೆಯಂಥ ನಿಷ್ಠೆ ಯಾರಿಗೂ ಇಲ್ಲ ಅಂತ ನಾನು ಹೋದಲ್ಲೆಲ್ಲ ಹೇಳಿದೀನಿ."

ಹೌದು, ಅವರು ಹೇಳಿರಲಿಲ್ಲ. ಎದ್ದು ಹೋಗಿದ್ದರು, ಅಷ್ಟೇ. ಯಾವ ಪಂಚಾಯಿತಿಯಲ್ಲಿ ಕೂತು ನಾನು ಇದನ್ನು ಸಾಬೀತು ಮಾಡಲಿ? ನನಗೆ ಆಗ ಮಾವಯ್ಯನ ಮೇಲೆ ಬಂದ ಸಿಟ್ಟು ಮೊಟ್ಟೆಯದ್ದಲ್ಲ. ಮೊಟ್ಟೆ ಹಾಳಾಗಿ ಹೋಗಲಿ. ತಾವು ಹಾಕಿದ ಬೇಲಿಯನ್ನು ತಾವು ಸದ್ದಿಲ್ಲದೆ ದಾಟಿಹೋಗಿ, ಗೇಟು ತೆಗೆದಿದೆ ಎಂದು ನನಗೊಂದು ಮಾತು ಹೇಳಲಿಲ್ಲವಲ್ಲ. ಒಂದು ವರ್ಷ ಮೊದಲೇ ಹೇಳಿದ್ದರೆ ಆ ವರ್ಷದ ಗೌರಿ ಹಬ್ಬಕ್ಕಾದರೂ ನಾನು ಅಣ್ಣನ ಮನೆಗೆ ಹೋಗುತ್ತಿದ್ದೆ. ಅಜ್ಜ, ಮಗ, ಮೊಮ್ಮಗಳು ಮೂವರೂ ಸೇರಿ ನನ್ನ ಮನಸ್ಸು ನೋಯಬಾರದೆಂದು ನನ್ನನ್ನು ಕತ್ತಲಲ್ಲಿಟ್ಟಿದ್ದರು. ಆ ಕತ್ತಲಿಗೆ ಪ್ರೀತಿ ಎಂದು ಬೇರೆ ಹೆಸರು.

ಸೀರೆ ಬದಲಾಯಿಸಲಿಲ್ಲ. ಕೂದಲಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಬಸ್‌ಸ್ಟ್ಯಾಂಡಿಗೆ ಹೋಗಿ ಕೊಟ್ಟಿಗೆಹಾರದ ಬಸ್ಸು ಹತ್ತಿದೆ. ಪಂಚಮಿ "ಅಮ್ಮ, ಅಮ್ಮ" ಎನ್ನುತ್ತ ಬೀದಿಯ ಕೊನೆಯವರೆಗೆ ಬಂದಳು. ನಾನು ತಿರುಗಿ ನೋಡಲಿಲ್ಲ.

ಅಣ್ಣನ ಕೂದಲು ಅಷ್ಟೊಂದು ಬೆಳ್ಳಗಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಗಲ್ಲಾದ ಹಿಂದೆ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ. ಕೈಯನ್ನು ಪಂಚೆಗೆ ಒರೆಸಿಕೊಂಡು, "ಯಾರಿಗೆ ಏನಾಯ್ತು?" ಎಂದು ಕೇಳಿದ. ಇಷ್ಟು ವರ್ಷದ ಮೇಲೆ ತಂಗಿ ಸುಮ್ಮನೆ ಬರುತ್ತಾಳೆಂದು ಅವನು ಹೇಗೆ ತಾನೇ ಅಂದುಕೊಳ್ಳಬೇಕು.

"ಯಾರಿಗೂ ಏನೂ ಆಗಿಲ್ಲ" ಎಂದು ಬೆಂಚಿನ ಮೇಲೆ ಕೂತೆ. ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಕಾಗದದ ಲೋಟಗಳಲ್ಲಿ ಅದೇ ಕಪ್ಪು ಕೇಕು ಸಾಲಾಗಿತ್ತು. "ಅದೊಂದು ಕೊಡು ಅಣ್ಣ" ಎಂದೆ.

ಅವನು ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದ. "ಅದು ಬೇಡ ಸುಂದರಿ, ಅದಕ್ಕೆ ಮೊಟ್ಟೆ ಬಿದ್ದಿದೆ. ನೀನು ಕೇಳ್ತಿದೀಯ ಅಂತ ಹೇಳ್ದೆ ಕೊಡಕ್ಕೆ ನಂಗಾಗಲ್ಲ" ಎಂದ.

ಆಗ ನನಗೆ ಅಳು ಬಂತು. ಮನೆಯಲ್ಲಿ ಒಂದು ಹನಿ ಬಂದಿರಲಿಲ್ಲ. ಗಿರಾಕಿಗಳೆಲ್ಲ ತಿರುಗಿ ನೋಡಿದರು, ನೋಡಲಿ ಎಂದು ಅತ್ತೆ. ನಾನು ಯಾರ ಅನ್ನವನ್ನು ಮೈಲಿಗೆಯೆಂದು ದೂರವಿಟ್ಟಿದ್ದೆನೋ ಅವನೊಬ್ಬನೇ ನನಗೆ ನಿಜ ಹೇಳಿದ್ದ.

"ಊಟಕ್ಕೆ ಬರ್ಲಾ ಅಣ್ಣ?" ಎಂದೆ ಕೊನೆಗೆ.

ಅವನು ಏನೂ ಕೇಳದೆ ಗಲ್ಲಾದ ಮೇಲಿನ ಫೋನು ತೆಗೆದು ಮನೆಯ ನಂಬರು ಒತ್ತಿದ. "ಸುಂದರಿ ಬಂದಿದಾಳೆ. ಊಟಕ್ಕೆ ಬರ್ತಾಳಂತೆ" ಎಂದ. ಆಚೆಯಿಂದ ಅತ್ತಿಗೆ ಏನೋ ಅಂದರು. ಅಣ್ಣ ಫೋನಿಗೆ ಅಂಗೈ ಮುಚ್ಚಿಕೊಂಡು, ನನ್ನ ಮುಖ ನೋಡಲಾರದೆ ಬಸ್ಸುಗಳ ಕಡೆ ನೋಡುತ್ತ ಹೇಳಿದ:

"ಉಣ್ತಾಳಾ, ಎಲೆ ಹಾಕೋ ಹೊತ್ತಿಗೆ ಎದ್ದು ಹೋಗ್ತಾಳಾ ಅಂತ ಕೇಳ್ತಿದಾಳೆ."

ಕೈ ಚಾಚಿ ಫೋನು ಇಸಿದುಕೊಂಡೆ. "ಅತ್ತಿಗೆ" ಎಂದೆ. ಆಕೆ ಫೋನು ಇಡದೆ ಕಾದರು.