ಚಕ್ ತಾನಾಗಿ ನಿಲ್ಲುವ ತನಕ

೧
ಈ ಕಥೆ ಎಲ್ಲಿಂದ ಶುರು ಮಾಡಲಿ? ಬೀಗ ಬಿದ್ದ ಕಾರ್ಖಾನೆಯ ಗೇಟಿನಿಂದ ಶುರು ಮಾಡಿದ್ದೆ. ಗೇಟಿನ ಮುಂದೆ, ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆಯುವ ಟರ್ನರ್ ಬಿಕ್ಕಿಬಿಕ್ಕಿ ಅಳುತ್ತಿದ್ದ. ಅವನೇ ಅಡ್ಡ ಬಂದ. “ನಾನೆಲ್ರೀ ಅತ್ತೆ? ಕ್ಯಾಂಟೀನಲ್ಲಿ ಕೊನೇ ಟೀ ಕುಡ್ದು ಮನೆಗೆ ಹೋದೆ.”
ಸರಿ. ಅಳು ಡಿಲೀಟ್.

೩
(ಎರಡನೇ ಭಾಗದಲ್ಲಿ ಅವನ ಹೆಂಡತಿ ಇದ್ದಳು. ನನ್ನನ್ನು ಕಥೆಗೆ ಎಳೆಯಬೇಡಿ ಅಂದಳು, ತೆಗೆದೆ. ಒಂದು ಮಾತು ಮಾತ್ರ ಕದ್ದಿಟ್ಟುಕೊಂಡಿದ್ದೇನೆ: “ಮೆಷಿನ್ ಆದ್ರೆ ನಿಮ್ಮ ಮಾತು ಕೇಳ್ತಿತ್ತು. ಹುಡುಗ್ರು ಕೇಳ್ತಾರಾ?”)

ಈಗ ಅವನು ತರಬೇತಿ ಕೇಂದ್ರದಲ್ಲಿ ಮೇಷ್ಟ್ರು. ಕಲಿಸುವುದು ಲೇತ್ ಕೆಲಸ. ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗಕ್ಕೆ ಚಕ್ ಅನ್ನುತ್ತಾರೆ. ಸ್ವಿಚ್ ಆರಿಸಿದರೂ ಅದು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಕಾರ್ಖಾನೆಯಲ್ಲಿ ಕಾಯುವ ಪುರಸೊತ್ತು ಯಾರಿಗಿತ್ತು? ಅಂಗೈ ಒತ್ತಿ ನಿಲ್ಲಿಸುತ್ತಿದ್ದರು. ಅವನ ಅಂಗೈ ಚಪ್ಪಲಿಯ ಅಟ್ಟೆಯಂತಾಗಿದೆ.

ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ: ಚಕ್ ತಾನಾಗಿ ನಿಲ್ಲುವ ತನಕ ಕೈ ಹಾಕಬಾರದು. ಆಮೇಲೆ ಲೇತ್ ಓಡಿಸಿ ತೋರಿಸಿದ, ಸ್ವಿಚ್ ಆರಿಸಿದ, ಅಂಗೈ ಒತ್ತಿ ಚಕ್ ನಿಲ್ಲಿಸಿದ. ಅವನಿಗೆ ಗೊತ್ತೇ ಆಗಲಿಲ್ಲ. (ನನಗೂ. ಎರಡನೇ ಸಲ ಓದುವಾಗ ಕಂಡಿತು.)

ಮುಂದೆ ನಿಂತಿದ್ದ ಹುಡುಗಿಗೆ ಆಗಲೇ ಕಂಡಿತ್ತು. ತರಗತಿಗೆಲ್ಲ ಚುರುಕು ಆಕೆಯೇ. ಮೇಷ್ಟ್ರ ಹಾಗೇ ಕತ್ತು ಓರೆ ಮಾಡಿ ಮೆಷಿನ್ನಿನ ಸದ್ದು ಕೇಳುತ್ತಾಳೆ.

೪
ಪರೀಕ್ಷೆ ಹತ್ತಿರ ಬಂತು. ಕೆಲಸ ಮುಗಿಸುವ ಆತುರದಲ್ಲಿ ಆಕೆ ಸ್ವಿಚ್ ಆರಿಸಿದಳು, ಅಂಗೈ ಒತ್ತಿದಳು. ಕೋಟಿನ ತೋಳು ಚಕ್ಕಿಗೆ ಸಿಕ್ಕಿಕೊಂಡಿತು. ಮೂರು ಬೆರಳು ಹೋದವು.

ಆಸ್ಪತ್ರೆಯ ಹಾಸಿಗೆಯ ಪಕ್ಕ ಮೇಷ್ಟ್ರು ನಿಂತಿದ್ದ. “ಕೈ ಹಾಕ್ಬೇಡ ಅಂತ ಬಡ್ಕೊಂಡಿದ್ನಲ್ಲಮ್ಮಾ!”
“ನೀವು ದಿನಾ ಹಾಕ್ತಿದ್ರಲ್ಲ ಸಾರ್. ಕೆಲ್ಸ ಗೊತ್ತಿರೋರು ಹಾಗೇ ನಿಲ್ಲಿಸ್ತಾರೆ ಅನ್ಕೊಂಡೆ.”

೪, ಮತ್ತೆ
ಅವನು ನನ್ನ ಮೇಜಿನ ಹತ್ತಿರ ಬಂದ. “ಅದನ್ನ ನನ್ನ ಕೈಗೆ ಬರೀರಿ, ಸ್ವಾಮಿ. ನನ್ನ ಬೆರಳು ಹೋಗ್ಲಿ.”
“ನಿನ್ನವು ಮೊದಲೇ ಹೋಗಿದ್ದಿದ್ದರೆ ಆಕೆ ಕೈ ಹಾಕುತ್ತಲೇ ಇರಲಿಲ್ಲಪ್ಪ. ನಿನ್ನ ಐದೂ ಬೆರಳು ನೆಟ್ಟಗಿದ್ದದ್ದನ್ನು ನೋಡಿಯೇ ಆಕೆ ನಂಬಿದ್ದು.”
ಅವನು ತನ್ನ ಅಂಗೈ ನೋಡಿಕೊಂಡ. “ಹಾಗಾದ್ರೆ ಮೊದಲ ದಿನಕ್ಕೆ ವಾಪಸ್ ಬಿಡಿ ನನ್ನ.”

೩, ಎರಡನೇ ಡ್ರಾಫ್ಟ್
ಬಿಟ್ಟೆ. ಈ ಸಲ ಹುಡುಗಿಯನ್ನು ಅವನ ಬೆನ್ನ ಹಿಂದೆ ನಿಲ್ಲಿಸಿದ್ದೇನೆ, ಚಕ್ಕಿನಿಂದ ದೂರ ಇರಲಿ ಅಂತ. (ಕಥೆಗಾರನಿಗೂ ಕರುಳಿದೆ.)

ಸ್ವಿಚ್ ಆರಿಸಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.
“ಯಾಕ್ ಸಾರ್ ಸುಮ್ನೆ ನಿಂತ್ರಿ?”
“ಇದೂ ಕೆಲ್ಸಾನೇ ಕಣಮ್ಮ.”

ಇಲ್ಲಿಗೇ ನಿಲ್ಲಿಸಿ, ಆಕೆಯ ಬೆರಳು ಉಳಿದವು ಅಂತ ನೀವು ನೆಮ್ಮದಿಯಾಗಿ ಮಲಗಬಹುದಿತ್ತು. ಆದರೆ ಚಕ್ ಇನ್ನೂ ತಿರುಗುತ್ತಿದೆ. ಅವನ ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದೆ. ಆ ಹಿಡಿತ ಸಡಿಲವಾಗುತ್ತಿದೆಯೋ ಏನೋ, ನಾನು ಕೂತಲ್ಲಿಂದ ಕಾಣುತ್ತಿಲ್ಲ.

ಹಿಂದೆ ನಿಂತ ಆಕೆಗೆ ಕಾಣುತ್ತಿದೆ.