ಹದಿನಾಲ್ಕರಲ್ಲಿ ಉಳಿದ ಎರಡು

ಎಮಿರೇಟ್ಸಿನ ಅಲ್ ಮೀನಾ ಬಂದರಿನ ಮೀನು ಮಾರ್ಕೆಟ್ಟಿನ ಹಿಂದೆ ಲಾಂಚುಗಳ ಶಾಫ್ಟು, ಪ್ರೊಪೆಲ್ಲರು ರಿಪೇರಿ ಮಾಡುವ ಶೆಡ್ಡು ನಮ್ಮದು. ಅಲ್ಲಿಗೆ ಇಂಜಿನ್ ತರುವವರು ಅದರ ಹಿಂದಿನ ಕಥೆ ಹೇಳುವುದಿಲ್ಲ. ನಾವೇ ಬಿಚ್ಚಿ ನೋಡಿ ತಿಳಿದುಕೊಳ್ಳಬೇಕು. ಹಾಗಿರುವಾಗ ಒಂದು ಸೋಮವಾರ ಬಂದ ಕಬ್ಬಿಣದ ಉರುಳೆಯ ಜೊತೆ ನಲವತ್ತು ಪುಟದ ಫೈಲೂ ಬಂತು. ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಜರ್ಮನ್ ಸಬ್‌ಮರೀನೊಂದರ ಸರ್ವಿಸ್ ದಾಖಲೆ. ಫುಜೈರಾ ಕಡೆಯ ಕಡಲಲ್ಲಿ ಮೀನಿನ ಬಲೆಗೆ ಸಿಕ್ಕಿದ ಸಾಮಾನು, ಅದೇ ಸಬ್‌ಮರೀನಿನ ಗಾಳಿ ಸಿಲಿಂಡರು, ಯಾರದೋ ಮನೆಯ ಸಂಗ್ರಹಕ್ಕೆ ಉಜ್ಜಿ ಕೊಡಬೇಕು ಎಂದು ತಂದ ಪಾರ್ಟಿ ಹೇಳಿಹೋದ.

ಮಾಲೀಕ ವಿಲ್ಫ್ರೆಡ್ ಖುಷಿಯಾಗಿದ್ದರು. ನನಗೆ ಆಗಲಿಲ್ಲ. ತಬ್ಬಿದರೆ ಕಷ್ಟದಲ್ಲಿ ಕೈಗೆ ಕೈ ತಾಗುವಷ್ಟು ದಪ್ಪ, ಮೈತುಂಬ ಚಿಪ್ಪು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಖಾಲಿ ಡಬ್ಬಿಯ ಸದ್ದು ಬರಬೇಕಿತ್ತು, ಬರಲಿಲ್ಲ. ಒಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಸದ್ಯಕ್ಕೆ ಇದನ್ನು ಯಾರೂ ಮುಟ್ಟಬೇಡಿ ಎಂದೆ.

ನನ್ನ ಇಂಗ್ಲಿಷು ನಟ್ಟು ಬೋಲ್ಟಿನಷ್ಟೇ. ಅದಕ್ಕೆ ಫೈಲಿನ ಪುಟಗಳ ಫೋಟೊ ತೆಗೆದು ಅಮಿತಾಳಿಗೆ ಕಳಿಸಿದೆ. ಅವಳು ನನ್ನ ತಂಗಿಯ ಮಗ ಹರ್ಷಿತನ ಹೆಂಡತಿ, ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಒಂದು ಟ್ರಾವೆಲ್ಸಿನಲ್ಲಿ ಕೆಲಸ. ಹರ್ಷಿತ್ ನನ್ನ ಜೊತೆಗೇ ಫಿಟ್ಟರ್, ವಾರವಿಡೀ ಇಲ್ಲಿ, ರಜೆಗೆ ಮಾತ್ರ ದುಬೈಯ ಮನೆಗೆ. ಇಪ್ಪತ್ತೊಂಬತ್ತು ವಯಸ್ಸು, ನನಗಿಂತ ಚುರುಕು ಕೈ. ಆರು ವರ್ಷದ ಹಿಂದೆ ಅವನಿಗೆ ವೀಸಾ ಮಾಡಿಸಿದ್ದು ನಾನು. ನಮ್ಮ ಕಡೆ ಅಳಿಯನಿಗೆ ಏನಾದರೂ ಆದರೆ ಮೊದಲು ಕೇಳುವುದು ಸೋದರಮಾವನನ್ನು.

ಮರುದಿನ ಬೆಳಿಗ್ಗೆ ಅಮಿತಾ ಫೋನಿನಲ್ಲಿ ಓದುತ್ತಾ ಹೋದಳು. ಬೋಟು ಯಾವ ವರ್ಷ ನೀರಿಗಿಳಿಯಿತು, ಯಾವ ಬಂದರು, ಯಾವ ಕಪ್ತಾನ, ಎಷ್ಟು ಹಡಗು ಮುಳುಗಿಸಿತು. ಅಷ್ಟೆಲ್ಲ ಬೇಡ, ಕೊನೆಯ ಸಲ ಹೊರಟಾಗ ಏನೇನು ಹಾಕಿಕೊಂಡಿತ್ತು, ಅದರಲ್ಲಿ ಏನೇನು ಖರ್ಚಾಯಿತು, ಅಷ್ಟೇ ಓದು ಎಂದೆ. ಹಳೇ ಇಂಜಿನ್ನಿನ ಬಗ್ಗೆಯೂ ನಾನು ಕೇಳುವುದು ಅದನ್ನೇ. ಓಡಿದ್ದಕ್ಕಿಂತ ಒಳಗೆ ಉಳಿದದ್ದು ಮುಖ್ಯ.

ಹೊರಟಾಗ ಹದಿನಾಲ್ಕು ಟಾರ್ಪೆಡೊ ಇತ್ತು. ಹಿಂದೂ ಮಹಾಸಾಗರದಲ್ಲಿ ಮೂರು ಹಡಗುಗಳ ಮೇಲೆ ಹನ್ನೆರಡು ಬಿಟ್ಟರು. ಐದು ಗುರಿ ತಾಗಿತು, ಏಳು ತಪ್ಪಿತು. ಆಮೇಲೆ ಒಂದು ಬೆಳಿಗ್ಗೆ ಮೇಲಿಂದ ವಿಮಾನ ಬಾಂಬು ಹಾಕಿತು. ಐವತ್ತೆರಡು ಜನರೂ ಬೋಟಿನ ಜೊತೆ ಕೆಳಗೆ ಹೋದರು.

ಹಾಗಾದರೆ ಎರಡು ಉಳಿದಿತ್ತು. ನಾನು ಶೆಡ್ಡಿನ ಮೂಲೆಯ ಉರುಳೆಯನ್ನು ನೋಡಿದೆ. ಅದು ಗಾಳಿ ಸಿಲಿಂಡರ್ ಅಲ್ಲ, ಟಾರ್ಪೆಡೊದ ಮದ್ದು ತುಂಬಿದ ತಲೆ.

ಫೋನಿಡುವ ಮೊದಲು ಅಮಿತಾ ಸ್ವಲ್ಪ ಮುನಿಸಿನಲ್ಲೇ ಹೇಳಿದಳು. "ಮಾಮ, ಇವರಿಗೆ ಓವರ್‌ಟೈಮ್ ಕೊಡುವುದು ಕಡಿಮೆ ಮಾಡಿ ಆಯ್ತಾ. ಎರಡು ವಾರದಿಂದ ಶನಿವಾರ ಆದಿತ್ಯವಾರ ಮನೆಗೇ ಬರ್ಲಿಲ್ಲ."

ನಮ್ಮಲ್ಲಿ ಎರಡು ತಿಂಗಳಿಂದ ಓವರ್‌ಟೈಮೇ ಇರಲಿಲ್ಲ.

ಹರ್ಷಿತ್ ಲೇತಿನ ಹತ್ತಿರ ನಿಂತಿದ್ದ. ಅವನ ಬೆರಳುಗಳನ್ನು ಆಗ ಸರಿಯಾಗಿ ನೋಡಿದೆ. ಉಗುರಿನ ಸುತ್ತ, ಅಂಗೈಯ ಗೆರೆಗಳಲ್ಲಿ ಗಾಢ ಹಳದಿ. ಮಣಿಕಟ್ಟಿನಲ್ಲಿ ಸಣ್ಣ ಸಣ್ಣ ಬೊಕ್ಕೆ. ಎಂತ ಇದು ಎಂದರೆ, ಹಳದಿ ಪ್ರೈಮರು, ಥಿನ್ನರು ಹಾಕಿದರೂ ಹೋಗುವುದಿಲ್ಲ ಎಂದ. ಲಾಂಚಿನ ತಳಕ್ಕೆ ಹಳದಿ ಪ್ರೈಮರು ಬಳಿಯುವ ನಮ್ಮಂಥವರಿಗೆ ಹಳದಿ ಕಂಡರೆ ಅದೇ ನೆನಪಾಗುವುದು. ಆದರೆ ಆ ವಾರ ನಮ್ಮಲ್ಲಿ ಪ್ರೈಮರಿನ ಡಬ್ಬಿಯನ್ನೇ ತೆರೆದಿರಲಿಲ್ಲ.

ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ ಕುವೈತಿನ ಬಂದರು ಶುಚಿ ಮಾಡುವ ಕೆಲಸಕ್ಕೆ ನಾನು ಹೋಗಿದ್ದೆ. ನೀರಲ್ಲಿ ಹುದುಗಿಸಿದ ಬಾಂಬು, ಮೈನು ತೆಗೆಯುವ ಫ್ರೆಂಚ್ ಮುದುಕನೊಬ್ಬ ತನ್ನ ಕೈ ತೋರಿಸಿ ಹೇಳಿದ್ದ, ಹಳೆಯ ಕಬ್ಬಿಣದಿಂದ ಹೀಗೆ ಹಳದಿ ಹತ್ತಿದರೆ ಅದು ಬಾಂಬಿನ ಮದ್ದು, ಉಪಕರಣ ಅಲ್ಲೇ ಬಿಟ್ಟು ನಡೆ ಎಂದು.

"ಇನ್ನೊಂದು ಎಲ್ಲಿ ಉಂಟು ಹರ್ಷಿತ್?"

ಅವನು ಲೇತು ನಿಲ್ಲಿಸಿದ. ಎಲ್ಲ ಹೇಳಿದ. ಅದೇ ಪಾರ್ಟಿ ಇನ್ನೊಂದು ಉರುಳೆಯನ್ನು ಮೊದಲೇ ಪೇಟೆಯ ಹೊರಗಿನ ಬನಿಯಾಸ್‌ನಲ್ಲಿರುವ ಮುಹಿಯುದ್ದೀನನ ಗ್ಯಾರೇಜಿಗೆ ಕೊಟ್ಟಿದ್ದ. ಮುಹಿಯುದ್ದೀನ್ ನಮ್ಮ ಉಪ್ಪಿನಂಗಡಿ ಕಡೆಯವನು, ಹರ್ಷಿತನ ದೋಸ್ತಿ. ದುಬೈಯಲ್ಲಿ ಸ್ವಲ್ಪ ದೊಡ್ಡ ಮನೆ ಹಿಡಿಯಬೇಕೆಂದು ಇವನು ರಜೆಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ. ಆ ಉರುಳೆ ಒಂದು ಬದಿ ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಒಳಗಿನ ಹಳದಿ ಗಟ್ಟಿಯನ್ನು ಪ್ರೈಮರಿನ ಪುಟ್ಟಿ ಎಂದುಕೊಂಡು ಎರಡು ದಿನ ಉಳಿಯಲ್ಲಿ ಕೆರೆದಿದ್ದರು. ಉಳಿದದ್ದು ಬರಲಿಲ್ಲ, ಈವತ್ತು ಗ್ಯಾಸ್ ಹಿಡಿದು ಕರಗಿಸುತ್ತೇನೆ ಎಂದು ಮುಹಿಯುದ್ದೀನ್ ಹೇಳಿದ್ದನಂತೆ.

ಮುಹಿಯುದ್ದೀನನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ನಾಲ್ಕನೇ ಸಲ ಎತ್ತಿದ. ಹಿಂದೆ ಗ್ಯಾಸಿನ ಸುಂಯ್ ಎನ್ನುವ ಸದ್ದು.

"ಮೋಹಣ್ಣಾ, ಒಂದ್ನಿಮಿಷ, ಇದು ಈಗಷ್ಟೇ ಬಿಸಿಯಾಯ್ತು."

"ಗ್ಯಾಸ್ ಬಂದ್ ಮಾಡು. ಅದು ಬಾಂಬು. ಅದರ ಕಡೆ ತಿರುಗಿ ನೋಡ್ಬೇಡ, ಇದ್ದವರನ್ನೆಲ್ಲ ಕರ್ಕೊಂಡು ಓಡು. ಅಕ್ಕಪಕ್ಕದ ಮನೆಯವರನ್ನೂ ಹೊರಡಿಸು."

ಸದ್ದು ನಿಂತಿತು. "ಹೊಗೆ ಬರ್ತಾ ಉಂಟು," ಎಂದ ಮುಹಿಯುದ್ದೀನ್, ಬೇರೆ ಯಾರದೋ ದನಿಯಲ್ಲಿ. ಆಮೇಲೆ ಫೋನಿನಲ್ಲಿ ಓಡುವ ಚಪ್ಪಲಿಯ ಸದ್ದು, ಹಿಂದಿಯಲ್ಲಿ ಕೂಗು, ಶಟರು ಬಡಿದ ಸದ್ದು. ಲೈನು ಹೋಯಿತು.

ನಾನು ಪೊಲೀಸಿನ ನಂಬರು ಒತ್ತುವಾಗ ಹರ್ಷಿತ್ ನನ್ನ ಕೈ ಹಿಡಿದ. "ಮಾಮ, ಬೇರೆ ಕಡೆ ಕೆಲಸ ಮಾಡಿದ್ದು ಗೊತ್ತಾದ್ರೆ ನನ್ನನ್ನು ಊರಿಗೆ ಕಳಿಸ್ತಾರೆ. ಮತ್ತೆ ಬರ್ಲಿಕ್ಕೆ ಬಿಡುದಿಲ್ಲ."

"ಕಳಿಸ್ಲಿ. ನಿನ್ನ ಕಾಲಲ್ಲೇ ನಡೆದು ವಿಮಾನ ಹತ್ತುವ ಹಾಗೆ ಕಳಿಸ್ಲಿ."

ವಿಲ್ಫ್ರೆಡ್ ಮೊದಲು ಪಾರ್ಟಿಯನ್ನು ಕೇಳೋಣ ಎಂದರು. ಪಾರ್ಟಿಯ ಫೋನು ಸ್ವಿಚ್ ಆಫ್. ಅವರು ಕೂಡಲೇ ಶೆಡ್ಡಿನ ಮೈನ್ ಸ್ವಿಚ್ಚು ಬಂದ್ ಮಾಡಿದರು. ನಾನು ಪೊಲೀಸರಿಗೆ ಎರಡೂ ಜಾಗ ಹೇಳಿದೆ.

ಹತ್ತು ನಿಮಿಷದೊಳಗೆ ಪೊಲೀಸರು ಬಂದು ಮೀನು ಮಾರ್ಕೆಟ್ಟು ಖಾಲಿ ಮಾಡಿಸಿದರು. ನಮ್ಮನ್ನು ತರಕಾರಿ ಮಾರ್ಕೆಟ್ಟಿನ ಆಚೆಗೆ ಕರೆದೊಯ್ದರು. ಅಮಿತಾ ಹರ್ಷಿತನಿಗೆ ಎರಡು ಸಲ ಫೋನು ಮಾಡಿದಳು; ಅವನು ಎತ್ತಲಿಲ್ಲ. ಬನಿಯಾಸ್‌ನಿಂದ ಸುದ್ದಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಜನ ದೂರ ಬಂದಿದ್ದಾರೆ, ಯಾರಿಗೂ ಏನೂ ಆಗಿಲ್ಲ, ಆದರೆ ಶಟರಿನ ಸಂದಿಯಿಂದ ಹೊಗೆ ಇನ್ನೂ ಬರುತ್ತಿದೆ, ಹತ್ತಿರ ಹೋಗಲು ಯಾರನ್ನೂ ಬಿಡುತ್ತಿಲ್ಲ.

ಒಬ್ಬ ಆಫೀಸರ್ ಫೈಲು ತಿರುವುತ್ತಾ ಹಿಂದಿಯಲ್ಲಿ ಕೇಳಿದರು, ಇಂಥದ್ದು ಒಟ್ಟು ಎಷ್ಟು? ದಾಖಲೆಯ ಪ್ರಕಾರ ಎರಡು ಎಂದೆ. ದಾಖಲೆ ಬರೆದವರು ಯಾರು ಎಂದರು. ಬೋಟಿನಿಂದ ರೇಡಿಯೋದಲ್ಲಿ ಹೇಳಿದ್ದನ್ನು ದಡದಲ್ಲಿ ಕೂತವರು ಬರೆದದ್ದು, ಹೇಳಿದವರು ಯಾರೂ ಬದುಕಿ ಬರಲಿಲ್ಲ ಎಂದೆ. ಅವರು ಫೈಲು ಮುಚ್ಚಿ ಕಡಲ ಕಡೆಗೆ ನೋಡಿದರು.

ಬನಿಯಾಸ್‌ನಲ್ಲಿ ಅದನ್ನು ಕೆರೆದವರು ಯಾರು ಎಂದು ಇನ್ನೊಬ್ಬರು ಬಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಹರ್ಷಿತ್ ಎದ್ದು ನಿಂತು ತನ್ನ ಎಮಿರೇಟ್ಸ್ ಐಡಿ ತೆಗೆದುಕೊಟ್ಟ. ಅವನನ್ನು ಮೊದಲು ಆಸ್ಪತ್ರೆಗೆ, ಅಲ್ಲಿಂದ ಸ್ಟೇಷನ್ನಿಗೆ ಎಂದರು. ನೀನು ಬೇಡ ಎಂದು ನನಗೆ ಹೇಳಿದರು. ನಾನು ಇವನ ಮಾಮ ಎಂದು ಹೇಳಿ ಗಾಡಿ ಹತ್ತಿ ಅವನ ಪಕ್ಕದಲ್ಲಿ ಕುಳಿತೆ.